ಕಣಿವೆಯ ಧೂಳು, ಕಣಿವೆಯ ಜ್ವರ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಊರಿನಿಂದ ಬಂದಿದ್ದ ಮಾವನವರನ್ನು ಕರೆದುಕೊಂಡು ಬೇ ಏರಿಯಾದಿಂದ ಮಾಲಿಬು ವೆಂಕಟೇಶ್ವರನ ದರ್ಶನಕ್ಕೆ ಹೊರಟಿದ್ದೆವು. ಐದನೇ ನಂಬರಿನ ಆ ಹೆದ್ದಾರಿಯನ್ನು ಕಾಣದವರು ನಮ್ಮ ಸದಸ್ಯರಲ್ಲಿ ಕಡಿಮೆ. ದಾರಿಯ ಬಾದಾಮಿ ತೋಟಗಳಲ್ಲಿ ಯಂತ್ರಗಳು ಮರ ಅಲ್ಲಾಡಿಸಿ ಕಾಯಿ ಉದುರಿಸುತ್ತಿದ್ದವು. ಅರಸೀಕೆರೆ ಕಡೆ ತೆಂಗು ಬೆಳೆದು ಬಾಳಿದ ಮಾವನವರು ಸುಮ್ಮನಿರುತ್ತಾರೆಯೇ? ಕಾರು ನಿಲ್ಲಿಸಲು ಹೇಳಿ, ತೋಟದ ಪಕ್ಕದ ಬೀಳು ನೆಲಕ್ಕಿಳಿದು, ಒಂದು ಹಿಡಿ ಮಣ್ಣೆತ್ತಿ ಉಜ್ಜಿ, ಮೂಸಿಯೂ ನೋಡಿದರು. ಎರಡು ವಾರದ ಮೇಲೆ ಜ್ವರ, ಒಣ ಕೆಮ್ಮು, ಮೊಣಕಾಲಿನ ಕೆಳಗೆ ನೋಯುವ ಕೆಂಪು ಗಂಟುಗಳು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ. ಇಂಡಿಯಾದಿಂದ ಬಂದವರು ಎಂದೊಡನೆ ಮೊದಲ ಡಾಕ್ಟರಿಗೆ ಹೊಳೆದದ್ದು ಕ್ಷಯ. "ಬೇಕರ್ಸ್‌ಫೀಲ್ಡ್ ಕಡೆ ಹೋಗಿದ್ದಿರಾ?" ಎಂದು ಕೇಳಿದವರು ಎರಡನೆಯವರು. ಆ ಒಂದು ಪ್ರಶ್ನೆ ಹುಟ್ಟಲು ಕ್ಯಾಲಿಫೋರ್ನಿಯದಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತೆಂದು ಆಮೇಲೆ ಓದಿ ತಿಳಿದೆವು.

ಇದು ಮಣ್ಣಿನಲ್ಲಿ ಬೆಳೆಯುವ ಒಂದು ಬೂಷ್ಟಿನಿಂದ ಬರುವ ರೋಗ. ಮಳೆಗಾಲದಲ್ಲಿ ಎಳೆ ಎಳೆಯಾಗಿ ಹಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕಣ್ಣಿಗೆ ಕಾಣದ ತುಣುಕುಗಳಾಗಿ ಮುರಿದು ಧೂಳಿನೊಡನೆ ಏಳುತ್ತದೆ. ಉಸಿರಿನ ಮೂಲಕ ಶ್ವಾಸಕೋಶ ಸೇರಿದ ಮೇಲೆ ಅದರ ರೂಪವೇ ಬೇರೆ. ಉರುಟಾಗಿ ಊದಿಕೊಂಡು, ಒಳಗೆ ನೂರಾರು ಬೀಜಕಣ ತುಂಬಿಕೊಂಡು, ಹಣ್ಣಾದ ದಾಳಿಂಬೆಯ ಹಾಗೆ ಒಡೆಯುತ್ತದೆ. ಈ ಎರಡು ವೇಷವೇ ಹಿಂದಿನ ವೈದ್ಯರನ್ನು ದಾರಿ ತಪ್ಪಿಸಿದ್ದು.

1892ರಲ್ಲಿ ಅರ್ಜೆಂಟೀನಾದಲ್ಲಿ ಪೊಸಾಡಾಸ್ ಎಂಬ ವೈದ್ಯ ವಿದ್ಯಾರ್ಥಿ ಇದನ್ನು ಒಬ್ಬ ಸೈನಿಕನ ಚರ್ಮದ ಹುಣ್ಣುಗಳಲ್ಲಿ ಮೊದಲು ಕಂಡ. ಸ್ವಲ್ಪದರಲ್ಲೇ ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಕೂಲಿ ಮಾಡುತ್ತಿದ್ದ, ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಿಂದ ವಲಸೆ ಬಂದ ಒಬ್ಬನಲ್ಲೂ ಅದೇ ಕಾಣಿಸಿ, ಆತ ತೀರಿಕೊಂಡ. 1896ರಲ್ಲಿ ರಿಕ್ಸ್‌ಫರ್ಡ್ ಮತ್ತು ಗಿಲ್‌ಕ್ರಿಸ್ಟ್ ಇದು ಯಾವುದೋ ಏಕಕೋಶ ಜೀವಿ ಎಂದು ತಿಳಿದು 'ಕಾಕ್ಸಿಡಿಯಾಯ್ಡಿಸ್ ಇಮ್ಮಿಟಿಸ್' ಎಂದು ಹೆಸರಿಟ್ಟರು. ಇಮ್ಮಿಟಿಸ್ ಎಂದರೆ ಸೌಮ್ಯವಲ್ಲದ್ದು. ಪ್ರಯೋಗಾಲಯದ ತಟ್ಟೆಯಲ್ಲಿ ಪ್ರತಿಸಲವೂ ಬೂಷ್ಟು ಬೆಳೆದರೆ, ಹೊರಗಿನ ಕೊಳೆ ಬಿದ್ದಿದೆಯೆಂದು ಎಸೆಯುತ್ತಿದ್ದರಂತೆ! ಆ ಬೂಷ್ಟೇ ರೋಗಕ್ಕೆ ಕಾರಣವೆಂದು ಆಫ್ಯೂಲ್ಸ್ ಮತ್ತು ಮಾಫಿಟ್ ತೋರಿಸಿದ್ದು 1900ರಲ್ಲಿ. ಹೆಸರು ಮಾತ್ರ ತಪ್ಪಾಗಿಯೇ ಉಳಿಯಿತು.

ನಮಗೆ ಹೆಚ್ಚು ಸೋಜಿಗವೆನಿಸಿದ್ದು ಮುಂದಿನ ಕತೆ. ಆಸ್ಪತ್ರೆಯ ಪುಸ್ತಕಗಳಲ್ಲಿ ಇದು ಬಂದರೆ ಬದುಕಲಾರದ ಅಪರೂಪದ ರೋಗ. ಇತ್ತ ಕಣಿವೆಯ ಹೊಲಗಳಲ್ಲಿ ದುಡಿಯುವವರಿಗೆ ಬೇರೊಂದು ಜ್ವರ ಮಾಮೂಲಾಗಿತ್ತು: ಕೆಮ್ಮು, ಕೀಲುನೋವು, ಕಾಲಿನ ಮೇಲೆ ಗಂಟು, ಕೆಲವು ವಾರದಲ್ಲಿ ತಾನಾಗಿ ವಾಸಿ. ಅದನ್ನು ಅವರು 'ವ್ಯಾಲಿ ಫೀವರ್' ಎನ್ನುತ್ತಿದ್ದರು. ಎರಡೂ ಒಂದೇ ಎಂದು ಯಾರಿಗೂ ತೋಚಲಿಲ್ಲ. 1929ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಬ್ಬ ವೈದ್ಯ ವಿದ್ಯಾರ್ಥಿ ಹಳೆಯ ತಟ್ಟೆಯ ಮುಚ್ಚಳ ತೆಗೆದು ಬೂಷ್ಟಿನ ಧೂಳು ಉಸಿರಾಡಿಬಿಟ್ಟ. ಎಲ್ಲರೂ ಅವನ ಆಸೆ ಬಿಟ್ಟಿರಬೇಕು, ಅವನು ಗುಣವಾದ. ಕಾಲಿನ ಮೇಲೆ ಅದೇ ಕೆಂಪು ಗಂಟುಗಳೂ ಎದ್ದಿದ್ದವು. 1932ರಲ್ಲಿ ಕಣಿವೆಯ ಮಣ್ಣಿನಲ್ಲೇ ಬೂಷ್ಟು ಸಿಕ್ಕಿತು. ಕರ್ನ್ ಕೌಂಟಿಯ ಆರೋಗ್ಯ ಇಲಾಖೆಯಲ್ಲಿದ್ದ ಡಾ. ಮಿರ್ನಿ ಗಿಫರ್ಡ್ ಎಂಬಾಕೆ ಕಣಿವೆ ಜ್ವರ ಬಂದವರಿಗೆ ಚರ್ಮದ ಪರೀಕ್ಷೆ ಮಾಡಿ, ಅವರ ಮಾತನ್ನೂ ಕೇಳಿಸಿಕೊಂಡರು. ಸ್ಟ್ಯಾನ್‌ಫರ್ಡ್‌ನ ಡಿಕ್ಸನ್ ಜೊತೆ ಸೇರಿ 1938ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಮಾರಣಾಂತಿಕ ರೋಗವೂ ಕೂಲಿಯವರ ಜ್ವರವೂ ಒಂದೇ ಎಂದಾಯಿತು. ನಮ್ಮ ಅನಿಸಿಕೆ ಹೇಳುವುದಾದರೆ, ಕೂಲಿಯವರನ್ನು ಮೊದಲೇ ಕೇಳಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಅನಂತರ ಡಾ. ಚಾರ್ಲ್ಸ್ ಸ್ಮಿತ್ ಕಣಿವೆಯ ಧೂಳಿನ ರಸ್ತೆಗಳಲ್ಲಿ ಕಾರು ಓಡಿಸಿಕೊಂಡು ನಾನ್ನೂರಕ್ಕೂ ಹೆಚ್ಚು ರೋಗಿಗಳನ್ನು ಕಂಡುಬಂದರು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ವಿಮಾನ ತರಬೇತಿ ನೆಲೆಗಳು ಎದ್ದಾಗ, ಅವರ ಸಲಹೆಯಂತೆ ಹುಲ್ಲು ಬೆಳೆಸಿ, ರಸ್ತೆಗೆ ಟಾರು ಹಾಕಿ, ಮಣ್ಣಿಗೆ ಎಣ್ಣೆ ಚಿಮುಕಿಸಿದ ಮೇಲೆ ಸೈನಿಕರಲ್ಲಿ ರೋಗ ಬಹಳ ಇಳಿಯಿತು. ಅರಿಜೋನಾದ ಗಿಲಾ ರಿವರ್ ಶಿಬಿರದಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರೂ ಇದೇ ಧೂಳು ಕುಡಿದು ಜ್ವರ ಬಿದ್ದರು.

ದನಕರುಗಳಿಗೂ ಇದು ತಪ್ಪಿದ್ದಲ್ಲ. 1918ರಲ್ಲಿ ಗಿಲ್ಟ್ನರ್ ಎಂಬವರು ಹಸುಗಳಲ್ಲಿ ಈ ರೋಗವನ್ನು ವರದಿ ಮಾಡಿದರು. ದನಗಳು ಸಾಮಾನ್ಯವಾಗಿ ಹಾಸಿಗೆ ಹಿಡಿಯುವುದಿಲ್ಲ. ಎದೆಯ ಗ್ರಂಥಿಗಳಲ್ಲಿ ಗಂಟು ಕಟ್ಟಿ ಅಲ್ಲಿಗೇ ನಿಲ್ಲುತ್ತದೆ. ಕಸಾಯಿಖಾನೆಯಲ್ಲಿ ಅದು ಕ್ಷಯದ ಗಂಟಿನಂತೆಯೇ ಕಾಣುತ್ತದೆ, ಮಾವನವರ ಎಕ್ಸ್‌ರೇ ಹಾಗೆಯೇ. ಕುದುರೆ, ಲಾಮಾಗಳಿಗೆ ಕಷ್ಟ ಹೆಚ್ಚು. ನಾಯಿಗಳಂತೂ ನೆಲ ಕೆದಕಿ ಮೂಸುವ ಜಾತಿ; ಮೂಳೆಗೆ ಹತ್ತಿ ಕುಂಟುವ ನಾಯಿಗಳಿವೆ. ಆದರೆ ನಾಯಿಯಿಂದ ಮನೆಯವರಿಗಾಗಲಿ, ಮನೆಯವರಿಂದ ನೆರೆಯವರಿಗಾಗಲಿ ಕೆಮ್ಮಿದರೆ ಹರಡುವುದಿಲ್ಲ.

ಕಣಿವೆಯಿಂದ ದೂರವಿದ್ದವರೂ ಪಾರಾಗಿಲ್ಲ. 1977ರ ಡಿಸೆಂಬರ್‌ನ ಬಿರುಗಾಳಿ ಬೇಕರ್ಸ್‌ಫೀಲ್ಡ್ ಕಡೆಯ ಮಣ್ಣನ್ನು ಸ್ಯಾಕ್ರಮೆಂಟೊವರೆಗೆ ಒಯ್ದಿತು. 1994ರ ಜನವರಿ 17ರ ನಾರ್ತ್‌ರಿಜ್ ಭೂಕಂಪದಲ್ಲಿ ಗುಡ್ಡಗಳು ಜರಿದು ಎದ್ದ ಧೂಳಿನಿಂದ ವೆಂಚುರಾ ಕೌಂಟಿಯಲ್ಲಿ 203 ಜನರಿಗೆ ಜ್ವರ ಬಂದು ಮೂವರು ತೀರಿಕೊಂಡರು. ಸೋಂಕು ತಗಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನೂ ಗೊತ್ತಾಗುವುದಿಲ್ಲ. ನೂರರಲ್ಲಿ ಒಬ್ಬರಿಗೋ ಏನೋ ಅದು ಮೂಳೆಗೆ, ಮಿದುಳಿನ ಪೊರೆಗೆ ಹಬ್ಬುತ್ತದೆ. ಬಸುರಿಯರು, ಸಕ್ಕರೆ ಕಾಯಿಲೆಯವರು, ಬಾಡಿಗೆ ಕಿಡ್ನಿಯವರು ಎಂದು ನಾವು ತಮಾಷೆ ಮಾಡುವ ಕಸಿ ಮಾಡಿಸಿಕೊಂಡವರು ಹೆಚ್ಚು ಎಚ್ಚರದಿಂದಿರಬೇಕು. ಮನುಷ್ಯರಿಗೆ ಲಸಿಕೆ ಇನ್ನೂ ಬಂದಿಲ್ಲ.

ಮಾವನವರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಡಾಕ್ಟರು ಫ್ಲೂಕೊನಜೋಲ್ ಮಾತ್ರೆಯನ್ನು ಕೆಲವು ತಿಂಗಳು ನುಂಗಿಸಿದರು. ಅವರು ಮೂಸಿದ ಆ ಹಿಡಿ ಮಣ್ಣೇ ಕಾರಣವೆಂದು ಹೇಳುವಂತಿಲ್ಲ. ಅಂದು ಬೀಸುತ್ತಿದ್ದ ಗಾಳಿಯೂ ಸಾಕಿತ್ತು. ಜ್ವರ ಹೋಯಿತು, ಕಲೆ ಉಳಿಯಿತು. ಊರಿನಲ್ಲಿ ಯಾರಾದರೂ ಎಕ್ಸ್‌ರೇ ತೆಗೆದು ಕ್ಷಯದ ಮಾತ್ರೆ ಶುರುಮಾಡದಿರಲೆಂದು ಇಲ್ಲಿಯ ಡಾಕ್ಟರು ಒಂದು ಕಾಗದ ಬರೆದುಕೊಟ್ಟಿದ್ದಾರೆ. ಮಾವನವರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಹಣಿ ಪತ್ರಗಳ ಜೊತೆ ಅರಸೀಕೆರೆಯ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.