ಟಿಪ್ಪುವಿನ ಪತ್ರಗಳು: ಆಯ್ದವರು ಮತ್ತು ಕಾಪಾಡಿದವರು

ಮುದ್ರೆಯಿಲ್ಲದ ಪತ್ರವನ್ನು ಅರಸರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ ಮುಹಮ್ಮದ್(ಸ)ರು ಬೆಳ್ಳಿಯ ಉಂಗುರವನ್ನು ಮಾಡಿಸಿ, ಅದರಲ್ಲಿ ‘ಮುಹಮ್ಮದ್ ರಸೂಲುಲ್ಲಾಹ್’ ಎಂದು ಕೆತ್ತಿಸಿದರು. ಮುದ್ರೆಯೂ ಸಹಿಯೂ ಬರೆದವನು ತನ್ನ ಮಾತಿಗೆ ಹೊಣೆ ಹೊತ್ತಿರುವುದರ ಗುರುತು. ಆದ್ದರಿಂದಲೇ ಸೇನಾನಿಗಳ ಪತ್ರಗಳನ್ನು ಜನರು ಹುಡುಕಿ ಸಂಗ್ರಹಿಸುತ್ತಾರೆ. ಆದರೆ ಸಂಗ್ರಹಿಸಿದವರು ಯಾರು, ಯಾವುದನ್ನು ಆಯ್ದರು ಎಂಬುದನ್ನೂ ನಾವು ಕೇಳಬೇಕು.

ಟಿಪ್ಪು ಸುಲ್ತಾನರು ತಮ್ಮ ಆದೇಶಗಳಿಗೆ ‘ನಬೀ ಮಾಲಿಕ್’, ಅಂದರೆ ಪ್ರವಾದಿಯೇ ಒಡೆಯರು ಎಂದು ಸಹಿ ಹಾಕುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾದಾಗ ಅರಮನೆಯ ಗ್ರಂಥಗಳೂ ಕಾಗದಪತ್ರಗಳೂ ಆಂಗ್ಲರ ವಶವಾದವು. ಕಂಪನಿಯ ಸೇನಾಧಿಕಾರಿ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಿಂದ ಕೆಲವು ಪತ್ರಗಳನ್ನು ಆಯ್ದು, ಭಾಷಾಂತರಿಸಿ, 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅವುಗಳಲ್ಲಿ ಕಠೋರ ಆದೇಶಗಳಿವೆ. ಮಸ್ಕತ್‌ನಲ್ಲಿದ್ದ ಪ್ರತಿನಿಧಿಗೆ ರೇಷ್ಮೆಹುಳುಗಳ ಕುರಿತು ಬರೆದ ಪತ್ರಗಳೂ ಇವೆ. ಆದರೆ ಕರ್ಕ್‌ಪ್ಯಾಟ್ರಿಕ್ ತನ್ನ ಮುನ್ನುಡಿಯಲ್ಲಿ ಚಿತ್ರಿಸಿದ್ದು ಕ್ರೂರ ಮತಾಂಧನೊಬ್ಬನನ್ನು. ಬಹುಕಾಲ ಜಗತ್ತು ಓದಿದ್ದು ಆ ಚಿತ್ರವನ್ನೇ.

ಇತ್ತ ಶೃಂಗೇರಿಯ ಮಠದಲ್ಲಿ ಬೇರೆ ಪತ್ರಗಳು ಮೌನವಾಗಿ ಉಳಿದಿದ್ದವು. 1791ರಲ್ಲಿ ಪರಶುರಾಮ ಭಾವೂನ ಮರಾಠಾ ಸೇನೆಯ ದಾಳಿಕೋರರು ಮಠವನ್ನು ಲೂಟಿಮಾಡಿದಾಗ ಸ್ವಾಮಿಗಳು ಟಿಪ್ಪುವಿಗೆ ಪತ್ರ ಬರೆದರು. ಸುಲ್ತಾನರು ಕನ್ನಡದಲ್ಲಿ ಗೌರವಪೂರ್ವಕವಾಗಿ ಉತ್ತರಿಸಿ, ಶಾರದಾ ದೇವಿಯ ಮರುಪ್ರತಿಷ್ಠೆಗಾಗಿ 200 ರಹತಿ ನಗದನ್ನೂ ಇತರ ನೆರವನ್ನೂ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆದೇಶಿಸಿದರು. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಈ ಪತ್ರಗಳನ್ನು ಬೆಳಕಿಗೆ ತಂದರು. ಒಂದು ಶತಮಾನಕ್ಕೂ ಮಿಗಿಲಾಗಿ ಅವುಗಳನ್ನು ಕಾಪಾಡಿದ್ದು ನಮ್ಮ ಸಮುದಾಯವಲ್ಲ, ಆ ಮಠ. ಈ ಋಣವನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು.

ಹಾಗೆಂದು ಶೃಂಗೇರಿಯ ಪತ್ರಗಳನ್ನು ಹಿಡಿದು ಉಳಿದವುಗಳನ್ನು ಮರೆಮಾಚುವುದೂ ನ್ಯಾಯವಲ್ಲ. ಕರ್ಕ್‌ಪ್ಯಾಟ್ರಿಕ್ ಮಾಡಿದ ಆಯ್ಕೆಯನ್ನೇ ನಾವೂ ತಿರುಗಿಸಿ ಮಾಡಿದಂತಾಗುತ್ತದೆ. ಸುದ್ದಿ ಬಂದಾಗ ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನ್ (49:6) ಆದೇಶಿಸುತ್ತದೆ. ಸ್ವಂತ ಜನರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಯಾಗಬೇಕೆಂದು (4:135) ಬೋಧಿಸುತ್ತದೆ.

ಹಿರಿಯರ ಪತ್ರ, ವಕ್ಫ್ ದಾಖಲೆ, ಸನದುಗಳು ಇಂದಿಗೂ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿವೆ. ಅವು ಅಮಾನತ್. ಹಿತವಾದುದನ್ನು ಮಾತ್ರ ಉಳಿಸಿ ಮಿಕ್ಕುದನ್ನು ಗೆದ್ದಲಿಗೆ ಬಿಡದೆ, ಎಲ್ಲವನ್ನೂ ಮುಂದಿನ ಪೀಳಿಗೆಗೆ ಒಪ್ಪಿಸುವುದು ನಮ್ಮ ಹೊಣೆ.