ಎಂಪರರ್ ಅಶೋಕ: ಕತ್ತಲಲ್ಲಿ ಕಳೆದುಹೋದ ದಿಗಂತ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಹಿರಿಯರಿಗೆ ಕಡಲು ದೂರದ ಮಾತಾಗಿತ್ತು. ಇಂದು ನಮ್ಮ ಮಕ್ಕಳು ಕಡಲ ಮೇಲೆ ಹಾರಿಯೇ ದುಡಿಮೆಗೆ ಹೋಗುತ್ತಾರೆ. ಆದ್ದರಿಂದ ಈ ಹಳೆಯ ದುರಂತವನ್ನು ತಿಳಿದಿರಬೇಕು.

1978ರ ಜನವರಿ 1ರ ರಾತ್ರಿ ಏರ್ ಇಂಡಿಯಾದ 'ಎಂಪರರ್ ಅಶೋಕ' ಎಂಬ ಬೋಯಿಂಗ್ 747 ವಿಮಾನವು ಮುಂಬಯಿಯಿಂದ ದುಬೈಗೆ ಹೊರಟಿತು. ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾದ ಎದುರಿನ ಅರಬ್ಬೀ ಸಮುದ್ರಕ್ಕೆ ಬಿದ್ದಿತು. 190 ಪ್ರಯಾಣಿಕರು, 23 ಸಿಬ್ಬಂದಿ. ಒಟ್ಟು 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊದಲು ವಿಧ್ವಂಸಕ ಕೃತ್ಯದ ಶಂಕೆ ಮೂಡಿತು. ಆದರೆ ಕಡಲಿನಿಂದ ದೊರೆತ ಧ್ವನಿಮುದ್ರಣ ಹಾಗೂ ಹಾರಾಟದ ದಾಖಲೆಗಳು ಬೇರೆಯೇ ಸಂಗತಿ ಹೇಳಿದವು. ಬಲಕ್ಕೆ ತಿರುಗಿದ ವಿಮಾನವು ಸಮಸ್ಥಿತಿಗೆ ಬಂದಿದ್ದರೂ, ವಾಲುವಿಕೆಯನ್ನು ತೋರಿಸುವ ಕ್ಯಾಪ್ಟನ್ನರ ಉಪಕರಣವು ಕೆಟ್ಟು, ಅದಿನ್ನೂ ಬಲಕ್ಕೆ ವಾಲಿದೆಯೆಂದೇ ಸೂಚಿಸಿತು. ಅದನ್ನು ನಂಬಿ ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು; ವಿಮಾನ ಮಗುಚಿ ನೀರಿಗೆ ಧುಮುಕಿತು.

ಹಗಲಾಗಿದ್ದರೆ ಕಣ್ಣು ದಿಗಂತವನ್ನು ನೋಡಿ ಸುಳ್ಳನ್ನು ಹಿಡಿಯುತ್ತಿತ್ತು. ಕಡಲ ಮೇಲಿನ ಕತ್ತಲಲ್ಲಿ ದಿಗಂತವಿಲ್ಲ. ಗಿರಗಿರನೆ ಸುತ್ತಿ ನಿಂತ ಹುಡುಗನಿಗೆ ನೆಲವೇ ತಿರುಗಿದಂತೆ ತೋರುವುದಿಲ್ಲವೇ? ಅಂತಹ ವೇಳೆ ನಮ್ಮ ಕಿವಿಯೊಳಗಿನ ಸಮತೋಲನದ ಅಂಗವೂ ಮೋಸಮಾಡುತ್ತದೆ.

ಹಾಗಾದರೆ ಉಪಾಯವೇ ಇರಲಿಲ್ಲವೇ? ಇತ್ತು. ವಾಲುವಿಕೆ ತಿಳಿಸುವ ಬೇರೆ ಉಪಕರಣಗಳೂ ಅಲ್ಲಿದ್ದವು. ಕೆಟ್ಟದ್ದನ್ನು ನಂಬಬೇಡಿರೆಂದು ಫ್ಲೈಟ್ ಇಂಜಿನಿಯರ್ ಎಚ್ಚರಿಸಿದ್ದರು. ವೇಳೆ ಮೀರಿತ್ತು. ಒಂದೇ ಸಾಕ್ಷಿಯನ್ನು ನಂಬದೆ ಮತ್ತೆರಡನ್ನು ಕೇಳುವುದು ವಿಮಾನಕ್ಕಷ್ಟೇ ಅಲ್ಲ, ಚರಿತ್ರೆಯ ವಿದ್ಯಾರ್ಥಿಗೂ ಮೊದಲ ಪಾಠ.