ಅಲ್ಜೈಮರ್ ರೋಗದ ಜೈವಿಕ ಸೂಚಕಗಳು: ಒಂದು ಐತಿಹಾಸಿಕ ಅವಲೋಕನ

ವ್ಯಾಧಿಯೊಂದರ ಇತಿಹಾಸವು ಬಹುಮಟ್ಟಿಗೆ ಅದನ್ನು ಗುರುತಿಸುವ ಸಾಧನಗಳ ಇತಿಹಾಸವೂ ಆಗಿರುತ್ತದೆ. ಅಲ್ಜೈಮರ್ ರೋಗವು ಇದಕ್ಕೆ ಉತ್ತಮ ನಿದರ್ಶನ. ರೋಗಿಯು ಮೃತನಾಗುವವರೆಗೂ ನಿಶ್ಚಯಿಸಲಾಗದಿದ್ದ ಈ ವ್ಯಾಧಿಯ ಕುರುಹನ್ನು ಇಂದು ರಕ್ತದಲ್ಲಿ ಅರಸಬಹುದಾಗಿದೆ. ಈ ಮಾರ್ಪಾಡಿನ ಕ್ರಮವನ್ನೂ ಅದರಿಂದ ಉದ್ಭವಿಸಿದ ಪ್ರಶ್ನೆಯನ್ನೂ ಇಲ್ಲಿ ವಿವೇಚಿಸುತ್ತೇವೆ.

1901ರಲ್ಲಿ ಆಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯು ಫ್ರಾಂಕ್‌ಫರ್ಟಿನ ಮಾನಸಿಕ ಚಿಕಿತ್ಸಾಲಯವನ್ನು ಸೇರಿದಳು. ಸ್ಮೃತಿನಾಶ, ದಿಗ್ಭ್ರಮೆ, ನಿರಾಧಾರ ಶಂಕೆ ಇವು ಆಕೆಯ ಲಕ್ಷಣಗಳಾಗಿದ್ದವು. ಅಲ್ಲಿಯ ವೈದ್ಯನಾದ ಅಲೋಯಿಸ್ ಅಲ್ಜೈಮರನು ಆಕೆಯ ಉತ್ತರಗಳನ್ನು ಮಾತುಮಾತಿಗೂ ಬರೆದಿರಿಸಿದನು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳಿನ ತೆಳುಪದರಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ನರಕೋಶಗಳೊಳಗೆ ತಂತುಗಳ ಸಿಕ್ಕುಗಳೂ ಕೋಶಗಳ ಹೊರಗೆ ವಿಚಿತ್ರ ದ್ರವ್ಯದ ಗಂಟುಗಳೂ ಕಂಡುಬಂದವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ನಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿದನು. 1910ರಲ್ಲಿ ಕ್ರೇಪೆಲಿನನು ತನ್ನ ಗ್ರಂಥದಲ್ಲಿ ರೋಗಕ್ಕೆ ಅವನ ಹೆಸರನ್ನಿಟ್ಟನು.

ಹೀಗೆ ರೋಗನಿರ್ಣಯದ ಪ್ರಮಾಣವು ಆರಂಭದಿಂದಲೇ ಶವಪರೀಕ್ಷೆಗೆ ಬದ್ಧವಾಯಿತು. 1984ರಲ್ಲಿ ಅಮೆರಿಕದ ತಜ್ಞರು ರಚಿಸಿದ ಮಾನದಂಡಗಳೂ ಲಕ್ಷಣಗಳ ಆಧಾರದಿಂದ 'ಸಂಭವನೀಯ' ಎನ್ನಲು ಮಾತ್ರ ಅವಕಾಶವಿತ್ತವು. 'ನಿಶ್ಚಿತ' ಎನ್ನಲು ಮಿದುಳಿನ ಅಂಗಾಂಶವೇ ಬೇಕಾಗಿತ್ತು. ಅದೇ ವರ್ಷ ಗ್ಲೆನ್ನರ್ ಮತ್ತು ವಾಂಗ್ ಎಂಬವರು ಮಿದುಳಿನ ಪೊರೆಯ ರಕ್ತನಾಳಗಳಿಂದ ಬೀಟಾ ಅಮೈಲಾಯ್ಡನ್ನು ಬೇರ್ಪಡಿಸಿದರು. ಗಂಟುಗಳ ದ್ರವ್ಯವೂ ಇದೇ ಎಂಬುದು 1985ರಲ್ಲಿ ಸ್ಥಿರಪಟ್ಟಿತು. ಸಿಕ್ಕುಗಳಲ್ಲಿರುವುದು ಟೌ ಎಂಬ ಪ್ರೋಟೀನೆಂಬುದು 1986ರ ವೇಳೆಗೆ ತಿಳಿದುಬಂದಿತು. ದ್ರವ್ಯಗಳ ಗುರುತು ಸಿಕ್ಕಿದ ಮೇಲೆ ಅವನ್ನು ಬದುಕಿರುವವರಲ್ಲಿ ಅರಸುವುದು ಸಾಧ್ಯವಾಯಿತು. 1990ರ ದಶಕದಲ್ಲಿ ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಟೌ ಏರಿರುವುದೂ, 42 ಅಮೈನೋ ಆಮ್ಲಗಳ ಅಮೈಲಾಯ್ಡ್ ತಗ್ಗಿರುವುದೂ ವಿದಿತವಾಯಿತು. ಅಮೈಲಾಯ್ಡ್ ಮಿದುಳಿನಲ್ಲಿಯೇ ಸಂಚಯವಾಗುವುದು ಈ ಇಳಿತಕ್ಕೆ ಕಾರಣವೆಂದು ತಜ್ಞರು ವಿವರಿಸಿದರು. 2004ರಲ್ಲಿ ಪಿಟ್ಸ್‌ಬರ್ಗ್ ಮತ್ತು ಸ್ವೀಡನ್ನಿನ ಸಂಶೋಧಕರು ವಿಕಿರಣಶೀಲ ವಸ್ತುವಿನ ನೆರವಿನಿಂದ ಜೀವಂತ ಮಿದುಳಿನ ಅಮೈಲಾಯ್ಡನ್ನು ಚಿತ್ರಿಸಿ ಪ್ರಕಟಿಸಿದರು. 2025ರಲ್ಲಿ, ಲಕ್ಷಣಗಳಿರುವ 55 ವರ್ಷ ಮೀರಿದವರಿಗಾಗಿ ರಕ್ತಪರೀಕ್ಷೆಯೊಂದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಈ ಸೂಚಕಗಳು ಸಮಾನ ಫಲವನ್ನು ಕೊಡುವುದಿಲ್ಲ. ಅಮೈಲಾಯ್ಡ್ ಲಕ್ಷಣಗಳಿಗಿಂತ ಬಹು ವರ್ಷ ಮುಂಚೆಯೇ ಶೇಖರವಾಗುತ್ತದೆ. ಸಿಕ್ಕುಗಳ ಹರಡುವಿಕೆಯು ಬುದ್ಧಿಶಕ್ತಿಯ ಇಳಿತಕ್ಕೆ ಹೆಚ್ಚು ಸಮೀಪವಾಗಿದೆ. ಆದ್ದರಿಂದ ರೋಗದ ಗತಿಯನ್ನು ಅನುಸರಿಸಲು ಒಂದೇ ಸೂಚಕವು ಸಾಲದು.

ಹಾಗಾದರೆ ಸೂಚಕವೇ ರೋಗವೆ? 2018ರ ಅಮೆರಿಕದ ಸಂಶೋಧನಾ ಚೌಕಟ್ಟು ರೋಗವನ್ನು ಸೂಚಕಗಳಿಂದಲೇ ನಿರೂಪಿಸಿತು. ಲಕ್ಷಣಗಳೂ ಅವಶ್ಯವೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು ವಾದಿಸಿತು. ಅಮೈಲಾಯ್ಡ್ ಇದ್ದೂ ಕಡೆಯವರೆಗೆ ಸ್ಮೃತಿ ಕೆಡದ ವೃದ್ಧರುಂಟು. ಅಂಥವರನ್ನು ರೋಗಿಗಳೆಂದು ಕರೆಯುವುದು ಅವರ ಬಾಳಿನ ಮೇಲೆ ಭಾರ ಹೊರಿಸಿದಂತೆ. ಅಲ್ಜೈಮರನು ರೋಗಿಯ ಮಾತನ್ನೂ ಮಿದುಳಿನ ಪದರವನ್ನೂ ಜೊತೆಗಿಟ್ಟು ನೋಡಿದ್ದನು. ಆ ಪದ್ಧತಿಯೇ ಇಂದಿಗೂ ಯುಕ್ತವೆಂದು ನಮ್ಮ ಅಭಿಪ್ರಾಯ.